ಬಚ್ಚಲ ಕಲ್ಲಿನ ಇರುವೆ

ತೆರಕಣಾಂಬಿ
೧೮-೮-೧೯೯೮, ಮಂಗಳವಾರ ಮಧ್ಯಾಹ್ನ

ಪ್ರೀತಿಯ ದಾನೇಶ್ವರಿಗೆ, ನಿನ್ನ ಅತ್ತೆ ಗುರುಮಲ್ಲಮ್ಮ ಹಣೆ ನೇವರಿಸಿ ಹರಸಿ ಬರೆಯುವುದು.

ಹೇಗಿದ್ದೀಯ ತಾಯಿ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನಿನ್ನ ಹೋದ ಕಾಗದದಲ್ಲಿ ಅಲ್ಲಿಯ ನೀರು ಬರೀ ಗಡಸು, ಬೇಳೆ ಬೇಯುವುದಿಲ್ಲ, ತಲೆಗೂದಲು ಹಿಡಿ ಹಿಡಿ ಉದುರುತ್ತಿದೆ ಎಂದು ಬರೆದಿದ್ದೆ. ಅದನ್ನು ಓದಿದ ದಿನದಿಂದ ಸಾರಿಗೆ ಬೇಳೆ ಹಾಕುವಾಗಲೆಲ್ಲ ನಿನ್ನದೇ ನೆನಪು. ಬೇಳೆಯನ್ನು ಮೊದಲೇ ನೆನೆಹಾಕು, ಬೇಯುವಾಗ ಒಂದು ಹನಿ ಹರಳೆಣ್ಣೆ ಬಿಡು, ಬೇಯದೆ ಎಲ್ಲಿಗೆ ಹೋಗುತ್ತದೆ ನೋಡೋಣ. ತಲೆಗೂ ಅದೇ ಹರಳೆಣ್ಣೆ. ರಾಯಚೂರು ಜಿಲ್ಲೆಯ ಮೂಲೆಯ ಹಳ್ಳಿ, ಜೋಳದ ರೊಟ್ಟಿಯ ಊಟ, ಗುರುತಿಲ್ಲದ ಜನ. ಅಂಥ ಕಡೆ ಒಬ್ಬಳೇ ಕೋಣೆ ಮಾಡಿಕೊಂಡು ಐವತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದೀಯಲ್ಲ, ನಿನ್ನ ಧೈರ್ಯಕ್ಕೆ ಏನು ಹೇಳಲಿ. ನನ್ನನ್ನು ಮೈಸೂರಿನಿಂದ ಆಚೆಗೆ ಒಬ್ಬಳೇ ಕಳಿಸಿದರೆ ಬಸ್ ಸ್ಟ್ಯಾಂಡಿನಲ್ಲೇ ಕೂತು ಅತ್ತುಬಿಡುತ್ತೇನೆ. ಆ ಮನೆಯೊಡತಿ ದಿನಾ ಮಜ್ಜಿಗೆ ಕೊಡುತ್ತಾಳೆ ಎಂದಿದ್ದೆಯಲ್ಲ, ಆ ತಾಯಿಗೆ ನನ್ನ ಶರಣು ತಿಳಿಸು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋಗಿ ಕೈ ನಿಂತಿತು. ಬೇರೆ ಸುದ್ದಿ ಮೊದಲು ಬರೆದುಬಿಡುತ್ತೇನೆ. ನಿನ್ನ ಗಂಡ ಸೋಮೇಶ ಲೈನ್ ಕೆಲಸಕ್ಕೆ ಗುಂಡ್ಲುಪೇಟೆಗೆ ದಿನಾ ಹೋಗಿ ಬರುತ್ತಿದ್ದಾನೆ. ಈ ಗಾಳಿಮಳೆಗೆ ದಿನಕ್ಕೊಂದು ಕಡೆ ಕರೆಂಟು ಕಂಬ ಬೀಳುತ್ತದೆ, ಲೈನ್‌ಮನ್ ಹೆಂಡತಿ ಊರಲ್ಲಿಲ್ಲ, ಕೂಸಿಗಾಗಿ ಅವನು ಹೊತ್ತಿಗೆ ಸರಿಯಾಗಿ ಮನೆಗೆ ಹೋಗಲಿ ಎಂದು ಕಂಬಕ್ಕೇನು ಗೊತ್ತು. ಅರಿಶಿನದ ಹೊಲಕ್ಕೆ ಎರಡನೇ ಕಳೆ ಆಯಿತು. ಕೆಂದಹಸು ಹೆಣ್ಣುಗರು ಹಾಕಿದೆ, ಹಣೆಯ ಮೇಲೆ ಬಿಳಿ ಚುಕ್ಕೆ ಇದೆ, ನೋಡಲು ಚೆನ್ನ. ಗಿಣ್ಣು ಮಾಡಿದ ದಿನ ನೀನಿರಬೇಕಿತ್ತು ಎಂದು ನಿನ್ನ ಗಂಡ ಬಾಯಿಬಿಟ್ಟು ಹೇಳಲಿಲ್ಲ, ತಟ್ಟೆಯಲ್ಲಿ ಅರ್ಧ ಹಾಗೇ ಬಿಟ್ಟು ಎದ್ದ. ಅವನ ಸ್ವಭಾವ ನಿನಗೆ ಗೊತ್ತಲ್ಲ. ಇಷ್ಟೇ ಸುದ್ದಿ.

ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ. ನಿನ್ನ ಮಗಳು ಗೌರಿಯ ವಿಷಯ ಬರೆಯಬೇಕು. ಹೆದರಬೇಡ, ಈಗ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದಾಳೆ. ಹೋದ ಕಾಗದದಲ್ಲಿ ನಾನು ಜಂಬ ಕೊಚ್ಚಿಕೊಂಡಿದ್ದೆನಲ್ಲ, ಎರಡು ವರ್ಷ ಎಂಟು ತಿಂಗಳಿಗೇ ಕೂಸಿಗೆ ಉಚ್ಚೆಗೆ ಬಚ್ಚಲಿಗೆ ಹೋಗುವುದನ್ನು ಕಲಿಸಿಬಿಟ್ಟೆ, ನಿನ್ನ ಗಂಡ ನಾಲ್ಕು ತುಂಬುವವರೆಗೂ ಕಂಬಳಿ ನೆನೆಸುತ್ತಿದ್ದ ಎಂದು. ಅದು ಸುಳ್ಳಲ್ಲ. ನೀನು ಹೋದ ಜೂನ್ ತಿಂಗಳಲ್ಲಿ ದಿನಕ್ಕೆ ಎಂಟು ಚಡ್ಡಿ ಒಗೆಯುತ್ತಿದ್ದೆ. ಹಿತ್ತಲ ಬಚ್ಚಲ ಕಲ್ಲಿನ ಮೇಲೆ ಅವಳನ್ನು ಕೂರಿಸಿ, ಎದುರಿಗೆ ನಾನೂ ಕುಕ್ಕುರುಗಾಲಲ್ಲಿ ಕೂತು, ಸ್‌ಸ್‌ಸ್ ಎಂದು ಶಬ್ದ ಮಾಡಿ ಮಾಡಿ ನನಗೇ ಬಂದುಬಿಡುತ್ತಿತ್ತೇ ಹೊರತು ಅವಳಿಗೆ ಬರುತ್ತಿರಲಿಲ್ಲ. ಎದ್ದು ಒಳಗೆ ಬಂದ ಕೂಡಲೇ ನಡುಮನೆಯಲ್ಲಿ ಹೊಳೆ ಹರಿಸುತ್ತಿದ್ದಳು. ಜುಲೈ ಕಳೆಯುವ ಹೊತ್ತಿಗೆ ಅದೇನು ಬುದ್ಧಿ ಬಂತೋ, ತಾನೇ ಓಡಿಬಂದು ಸೆರಗು ಎಳೆದು "ಅಜ್ಜಿ, ಉಚ್ಚೆ ಬತ್ತದೆ" ಎನ್ನಲು ಶುರುಮಾಡಿದಳು. ನೀವು ಮೇಡಮ್ಮುಗಳು ಅದಕ್ಕೆ ‘ಒಂದಕ್ಕೆ’ ಎನ್ನಬೇಕು ಎನ್ನುತ್ತೀರಿ, ನಮಗೆ ಉಚ್ಚೆಯೇ ಸಾಕು. ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಈಗ ಹದಿನೈದು ದಿನದಿಂದ ಆ ಕಲಿತದ್ದೇ ಅತಿಯಾಯಿತು. ಬೆಳಿಗ್ಗೆ ಎದ್ದಳೆಂದರೆ ಬಚ್ಚಲಿಗೆ. ಹಲ್ಲುಜ್ಜಿಸಿ ಮುಖ ಒರೆಸುವಷ್ಟರಲ್ಲಿ ಮತ್ತೆ ಬಚ್ಚಲಿಗೆ. ಹಾಲು ಅರ್ಧ ಕುಡಿದು ಲೋಟ ಇಟ್ಟು ಓಟ. ಬೊಂಬೆ ಹಿಡಿದು ಆಡುತ್ತಿರುತ್ತಾಳೆ, ಇದ್ದಕ್ಕಿದ್ದ ಹಾಗೆ ಮುಖ ಬಾಡಿಸಿಕೊಂಡು ಎದ್ದು ಓಡುತ್ತಾಳೆ. ಬರುವುದು ಒಂದೆರಡು ಹನಿ, ಒಮ್ಮೊಮ್ಮೆ ಅದೂ ಇಲ್ಲ. ಆದರೂ ಹುಬ್ಬು ಗಂಟಿಕ್ಕಿಕೊಂಡು ತಿಣುಕುತ್ತಾ ಕೂತಿರುತ್ತಾಳೆ, ಎಬ್ಬಿಸಿದರೆ ಅಳು. ಉರಿಯಾ ಎಂದರೆ ಇಲ್ಲ, ನೋವಾ ಎಂದರೆ ಇಲ್ಲ, ಮೈಯೂ ಬಿಸಿ ಇಲ್ಲ. ನಿದ್ದೆ ಹತ್ತಿದರೆ ಮಾತ್ರ ಏನೂ ಇಲ್ಲ. ನಿನ್ನೆ ಎಷ್ಟು ಸಲ ಹೋಗುತ್ತಾಳೆ ನೋಡಿಯೇಬಿಡೋಣ ಎಂದು ಹೋದಾಗಲೆಲ್ಲ ಕಿಟಕಿಯ ಮೇಲೆ ಒಂದು ಹುಣಸೆಬೀಜ ಇಡುತ್ತಾ ಬಂದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹತ್ತೊಂಬತ್ತು ಬೀಜ. ಇಪ್ಪತ್ತನೆಯದನ್ನು ಇಡಲು ಧೈರ್ಯ ಬರಲಿಲ್ಲ, ಎಲ್ಲವನ್ನೂ ಬಾಚಿ ಹಿತ್ತಲಿಗೆ ಎಸೆದೆ.

ನಾನು ಮೊದಲು ಹೇಳಿದ್ದು ಪಕ್ಕದ ಮನೆಯ ಪುಟ್ಟಮಲ್ಲಮ್ಮನಿಗೆ. ಅವಳಿಗೆ ಯಾವ ಕಾಯಿಲೆ ಹೇಳಿದರೂ ಔಷಧಿ ಸೆರಗಿನಲ್ಲೇ ಕಟ್ಟಿಕೊಂಡಿರುತ್ತಾಳೆ. "ಸೀತ ಕಣಕ್ಕ, ಮಳೆಗಾಲ ಅಲ್ವಾ. ಕರಿಯೆಳ್ಳು ಬೆಲ್ಲ ಕುಟ್ಟಿ ಉಂಡೆ ಮಾಡ್ಕೊಡು, ಮೂರು ದಿಸಕ್ಕೆ ನಿಂತೋಯ್ತದೆ" ಎಂದಳು. ಅವಳು ಹೇಳಿದ್ದು ತಪ್ಪಲ್ಲ, ಹಾಸಿಗೆ ನೆನೆಸುವ ಮಕ್ಕಳಿಗೆ ನಮ್ಮವ್ವನೂ ಅದನ್ನೇ ಕೊಡುತ್ತಿದ್ದಳು. ಒರಳಲ್ಲಿ ಕುಟ್ಟಿ ಒಂದು ಡಬ್ಬಿ ಉಂಡೆ ಮಾಡಿಟ್ಟೆ. ಗೌರಿಗೆ ಬಲು ಇಷ್ಟವಾಯಿತು, ಬೆಳಗಾದರೆ ಉಂಡೆ ಕೈಯಲ್ಲಿ ಹಿಡಿದುಕೊಂಡೇ ಮನೆಯೆಲ್ಲ ಓಡಾಡುತ್ತಾಳೆ. ಮೂರು ದಿನವಲ್ಲ, ಆರು ದಿನವಾಯಿತು, ಏನೂ ನಿಲ್ಲಲಿಲ್ಲ. ದೃಷ್ಟಿ ಇರಬಹುದು ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬಂದು ನಾವಿಬ್ಬರೂ ಕೆಮ್ಮಿದ್ದೇ ಬಂತು.

ಮೊನ್ನೆ ಭಾನುವಾರ ಬೆಳಿಗ್ಗೆ ಬಚ್ಚಲು ತೊಳೆಯಲು ಹೋದವಳು ಕಲ್ಲಿನ ಮೇಲೆ ಇರುವೆ ಸಾಲು ನೋಡಿದೆ. ಗೋಡೆಯ ಬಿರುಕಿನಿಂದ ಇಳಿದು, ಗೌರಿ ಕೂರುವ ಜಾಗಕ್ಕೇ ಬಂದು ಮುತ್ತಿಕೊಂಡಿದ್ದವು. ಪೊರಕೆ ಕೈಯಿಂದ ಬಿತ್ತು ದಾನಿ. ನಿನಗೆ ಇದು ಏನೂ ಅನ್ನಿಸದೆ ಇರಬಹುದು, ನಿನ್ನ ಮಾವನನ್ನು ನೀನು ಫೋಟೋದಲ್ಲಿ ಮಾತ್ರ ನೋಡಿದವಳು. ಅವರು ಸಕ್ಕರೆ ಕಾಯಿಲೆಯಲ್ಲಿ ಹೋದರು ಎಂದಷ್ಟೇ ನಿನಗೆ ಗೊತ್ತು, ಅದು ಹೇಗೆ ಶುರುವಾಯಿತು ಎಂದು ನಾನು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಹೇಳಿಲ್ಲ. ಹೀಗೇ ಶುರುವಾಯಿತು. ಹಗಲು ಹತ್ತು ಸಲ, ನಿದ್ದೆಯಿಂದ ಎದ್ದು ಐದಾರು ಸಲ ಹಿತ್ತಲಿಗೆ ಹೋಗುತ್ತಿದ್ದರು. ಅವರು ಹೋಗಿ ಬಂದ ಜಾಗಕ್ಕೆ ಇರುವೆ ಮುತ್ತುತ್ತಿದ್ದವು. ನಾನು ಅದನ್ನು ನೋಡಿ ನಕ್ಕೆ ಕಣೆ. "ನಿಮ್ಮ ಉಚ್ಚೇಲಿ ಬೆಲ್ಲ ಅದಾ? ಇರುವೆ ಹಬ್ಬ ಮಾಡ್ತಾವೆ" ಎಂದು ತಮಾಷೆ ಮಾಡಿದೆ. ಅವರೂ ನಕ್ಕರು. ಆರು ತಿಂಗಳಾದ ಮೇಲೆ ಕಾಲಿಗೆ ಚುಚ್ಚಿದ ಒಂದು ಜಾಲಿಮುಳ್ಳಿನ ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಇರುವೆಯನ್ನು ಮೊದಲು ನೋಡಿದವಳು ನಾನು. ಅವತ್ತೇ ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದರೆ ಇವತ್ತು ಇರುತ್ತಿದ್ದರೋ ಏನೋ ಎಂದು ಏಳು ವರ್ಷದಿಂದ ಒಬ್ಬಳೇ ಅಂದುಕೊಳ್ಳುತ್ತಿದ್ದೇನೆ.

ನೀರು ಕುಡಿದರೆ ತಾನೇ ಉಚ್ಚೆ ಎಂದು ಭಾನುವಾರದಿಂದ ಅವಳಿಗೆ ನೀರು ಕಡಿಮೆ ಮಾಡಿದೆ. ಊಟದ ಜೊತೆ ಎರಡು ಗುಟುಕು, ಅಷ್ಟೇ. ಬಿಂದಿಗೆಯನ್ನು ಎತ್ತರದಲ್ಲಿಟ್ಟೆ. ನಿನ್ನೆ ಸಂಜೆ ಹುಡುಕಿಕೊಂಡು ಕೊಟ್ಟಿಗೆಗೆ ಹೋದರೆ ನಿನ್ನ ಮಗಳು ಕರುವಿಗೆ ಇಟ್ಟ ನೀರಿನ ಬಾನಿಗೆ ಬಗ್ಗಿ, ಎರಡು ಕೈಯಲ್ಲೂ ಮೊಗೆದು ಮೊಗೆದು ಕುಡಿಯುತ್ತಿದ್ದಾಳೆ. ನಿನ್ನ ಮಾವನಿಗೂ ಇದೇ ಬಾಯಾರಿಕೆ. ಎಷ್ಟು ಕುಡಿದರೂ ಗಂಟಲು ಒಣಗುತ್ತದೆ ಎನ್ನುತ್ತಿದ್ದರು. ತೋಳು ಮುಟ್ಟಿ ನೋಡಿದರೆ ಕೂಸು ಸಣ್ಣಗೂ ಆಗಿದ್ದಾಳೆ, ಬಳೆ ಮೊಣಕೈವರೆಗೂ ಹತ್ತುತ್ತದೆ. ಮೇಲಿಂದ ಮೇಲೆ ಉಚ್ಚೆ, ಇರುವೆ, ಬಾಯಾರಿಕೆ, ಸೊರಗುವುದು. ಇನ್ನೇನು ಉಳಿಯಿತು ಹೇಳು. ಮಕ್ಕಳಿಗೆ ಈ ಕಾಯಿಲೆ ಬಂದರೆ ಬದುಕಿರುವವರೆಗೂ ದಿನಾ ಸೂಜಿ ಚುಚ್ಚಬೇಕಂತೆ. ಆ ತೋಳಿನಲ್ಲಿ ಸೂಜಿ ಚುಚ್ಚುವುದಕ್ಕೆ ಜಾಗ ಎಲ್ಲಿದೆ?

ಸೋಮೇಶನಿಗೆ ಇನ್ನೂ ಹೇಳಿಲ್ಲ. ಬೆಳಿಗ್ಗೆ ಹೋದವನು ಕತ್ತಲಾದ ಮೇಲೆ ಬರುತ್ತಾನೆ, ಅಷ್ಟು ಹೊತ್ತಿಗೆ ಗೌರಿ ಮಲಗಿರುತ್ತಾಳೆ, ಅವನ ಕಣ್ಣಿಗೆ ಏನೂ ಬಿದ್ದಿಲ್ಲ. ಹೇಳಿದರೆ ಮೊದಲ ಮಾತೇ ನಿನ್ನನ್ನು ಕರೆಸುವುದು. ಅವನು ಬೇಡ ಬೇಡ ಎಂದರೂ ನಿನ್ನನ್ನು ಕಳಿಸಿದವಳು ನಾನು. "ಗೌರ್ಮೆಂಟ್ ಕೆಲ್ಸ ಕಣವ್ವ, ಬುಟ್ರೆ ಮತ್ತೆ ಸಿಕ್ಕಕಿಲ್ಲ. ಕೂಸ ನಾ ನೋಡ್ಕತೀನಿ, ನೀ ಓಗು" ಎಂದು ನಿನ್ನ ಟ್ರಂಕು ಕೂಡ ನಾನೇ ಕಟ್ಟಿದೆ. ಬಸ್ಸಿನ ಕಿಟಕಿಯಲ್ಲಿ ನಿನ್ನ ಮುಖ ನೋಡಿದಾಗಲೂ ಅಳಲಿಲ್ಲ, ಅಷ್ಟು ಗಟ್ಟಿಯಾಗಿದ್ದೆ. ಈಗ ಆ ಕೂಸಿಗೆ ನನ್ನ ಕೈಯಲ್ಲಿ ಏನಾದರೂ ಆದರೆ ನಿನಗೆ ಯಾವ ಮುಖ ತೋರಿಸಲಿ? ನಾಳೆ ಬೆಳಿಗ್ಗೆ ಅವನು ಡ್ಯೂಟಿಗೆ ಹೋದ ಕೂಡಲೇ ಗೌರಿಯನ್ನು ಎತ್ತಿಕೊಂಡು ಚಾಮರಾಜನಗರಕ್ಕೆ ಹೋಗುತ್ತೇನೆ. ಗುಂಡ್ಲುಪೇಟೆ ಹತ್ತಿರ, ಆದರೆ ಅಲ್ಲಿ ಯಾವುದೋ ಕಂಬದ ಮೇಲಿಂದ ನಿನ್ನ ಗಂಡ ನನ್ನನ್ನು ನೋಡಿಬಿಡುತ್ತಾನೆ. ಈ ಕಾಗದವನ್ನು ಈಗ ಅಂಚೆಗೆ ಹಾಕುವುದಿಲ್ಲ. ಹೋಗಿ ಬಂದು ಮುಂದಿನದನ್ನು ಬರೆಯುತ್ತೇನೆ. ಏನು ಬರೆಯಬೇಕಾಗುತ್ತದೋ, ಮಾದಪ್ಪನೇ ಬಲ್ಲ.

ಗುರುವಾರ ಬೆಳಿಗ್ಗೆ

ದಾನಿ, ಮೊದಲು ಇದನ್ನು ಓದು. ಸಕ್ಕರೆ ಕಾಯಿಲೆ ಇಲ್ಲ. ಇನ್ನೊಂದು ಸಲ ಬರೆಯುತ್ತೇನೆ, ಇಲ್ಲ. ಈಗ ನೆಮ್ಮದಿಯಾಗಿ ಕೂತು ಉಳಿದದ್ದನ್ನು ಓದು.

ನಿನ್ನೆ ಬಸ್ಸಿನಲ್ಲಿ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಊರು ದಾಟುವ ಮೊದಲೇ ಸೆರಗು ಎಳೆದಳು. ಬಸ್ಸು ನಿಲ್ಲಿಸಿದೆ, ಎರಡು ಹನಿ. ಎರಡು ಮೈಲಿ ಹೋಗುವಷ್ಟರಲ್ಲಿ ಮತ್ತೆ, ಏನೂ ಇಲ್ಲ. ಮೂರನೇ ಸಲಕ್ಕೆ ಕಂಡಕ್ಟರ್ ಸೀಟಿ ಬಾಯಿಂದ ತೆಗೆದು, "ಏನಜ್ಜಿ, ಬಸ್ಸಿಗೆ ಬಂದಿದ್ದೀಯೊ ಬಚ್ಚಲಿಗೆ ಬಂದಿದ್ದೀಯೊ, ಒಂದ್ ತೀರ್ಮಾನ ಮಾಡ್ಬುಡು" ಎಂದ. "ನೀನೇನು ಪ್ಯಾಂಟ್ ಹಾಕ್ಕಂಡೇ ಹುಟ್ಟಿದ್ದೇನ್ಲಾ? ನಿಲ್ಸು" ಎಂದೆ. ಬಸ್ಸೆಲ್ಲ ನಕ್ಕಿತು. ನಾನು ಮಾತ್ರ ಬದಿಯ ಹುಲ್ಲಿನಲ್ಲಿ ಕೂತ ಆ ಕೂಸಿನ ಬೆನ್ನು ನೋಡುತ್ತಾ ನಿಂತಿದ್ದೆ. ಬೆನ್ನುಮೂಳೆ ಎಣಿಸಬಹುದಿತ್ತು. ಈ ದಾರಿಯಲ್ಲಿ ನಿನ್ನ ಮಾವನನ್ನು ಕೊನೆಯ ಸಲ ಕರೆದುಕೊಂಡು ಬಂದ ದಿನವೂ ಹೀಗೇ ಮೋಡ ಕವಿದಿತ್ತು. ಚಾಮರಾಜನಗರ ಬರುವವರೆಗೂ ಓಂ ನಮಃ ಶಿವಾಯ ಒಂದನ್ನು ಬಿಟ್ಟು ಬೇರೇನೂ ನನ್ನ ಬಾಯಲ್ಲಿ ಬರಲಿಲ್ಲ.

ಡಾಕ್ಟರಮ್ಮನ ಹೆಸರು ನೀಲಾವತಿ, ಮಕ್ಕಳಿಗೆ ಮಾತ್ರ ನೋಡುತ್ತಾರೆ, ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ನೋಡಿದರು, ಮಲ ಸರಿಯಾಗಿ ಹೋಗುತ್ತಾಳಾ, ಮಲ ಕಟ್ಟಿಕೊಂಡರೂ ಹೀಗಾಗುತ್ತದೆ ಎಂದು ಕೇಳಿದರು. ಆಮೇಲೆ ಒಂದು ಗಾಜಿನ ಸೀಸೆ ಕೊಟ್ಟು ಇದರಲ್ಲಿ ಉಚ್ಚೆ ಹಿಡಿದುಕೊಂಡು ಬಾ ಎಂದರು. ಹತ್ತು ನಿಮಿಷಕ್ಕೊಮ್ಮೆ ಓಡುವ ಮಹಾರಾಯಿತಿ, ಬೇಕು ಎಂದಾಗ ಅರ್ಧ ಗಂಟೆ ಕೂತರೂ ಒಂದು ಹನಿ ಬಿಡಲಿಲ್ಲ. ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದಾಳೆ ಎಂದು ಡಾಕ್ಟರಮ್ಮ ಕೇಳಿದರು. ಎರಡು ಗುಟುಕು ಎಂದೆ. ಯಾಕೆ ಎಂದರು. ಹೇಳಿದೆ. ಆ ಹೆಂಗಸಿನ ಮುಖ ಕೆಂಪಾದದ್ದನ್ನು ನೀನು ನೋಡಬೇಕಿತ್ತು. "ಅಜ್ಜಿ, ಮಗುಗೆ ನೀರು ನಿಲ್ಲಿಸ್ತಾರಾ ಯಾರಾದ್ರೂ? ಬಾಯಾರಿಕೆ ಆಗದೆ ಇನ್ನೇನಾಗುತ್ತೆ?" ಎಂದು ಗದರಿ ತಾವೇ ಲೋಟಕ್ಕೆ ನೀರು ಹಾಕಿ ಕೊಟ್ಟರು. ಗೌರಿ ಲೋಟದ ಮೇಲೆ ಕಣ್ಣು ಇಟ್ಟುಕೊಂಡೇ ಎರಡು ಲೋಟ ಕುಡಿದಳು, ಮೂರನೆಯದನ್ನೂ ಕೇಳಿದಳು. ಸ್ವಲ್ಪ ಹೊತ್ತಿಗೆ ಸೀಸೆಗೂ ಉಚ್ಚೆ ಸಿಕ್ಕಿತು.

ಪಕ್ಕದ ಚಿಕ್ಕ ಕೋಣೆಯೇ ಅವರ ಲ್ಯಾಬು. ಅಲ್ಲಿ ಶಾಂತರಾಜು ಎನ್ನುವವನು ಕೊಳವೆಗೆ ನೀಲಿ ನೀರು ಹಾಕಿ, ಅದಕ್ಕೆ ಗೌರಿಯ ಉಚ್ಚೆಯ ಹನಿ ಬಿಟ್ಟು, ದೀಪದ ಉರಿಗೆ ಹಿಡಿದ. ಈ ಪರೀಕ್ಷೆ ನನಗೆ ಗೊತ್ತು. ನಿನ್ನ ಮಾವನದು ಮೊದಲು ಹಸಿರಾಗಿ, ಹಳದಿಯಾಗಿ, ನೋಡುನೋಡುತ್ತಿದ್ದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹೊರಗೆ ಬೆಂಚಿನ ಮೇಲೆ ಕೂರಿ ಎಂದ, ನಾನು ಕದಲಲಿಲ್ಲ. ಕೊಳವೆಯೊಳಗೆ ಗುಳ್ಳೆ ಏಳತೊಡಗಿತು. ಗೌರಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳು ಅಜ್ಜಿ ನೋವು ಎಂದಳು. ಕುದಿಯಿತು. ನೀಲಿ. ಇನ್ನೂ ಕುದಿಯಿತು, ನೀಲಿಯೇ. "ಇನ್ನೊಂದ್ಸಲ ಕಾಯ್ಸಪ್ಪ, ನಿನ್ನ ದಮ್ಮಯ್ಯ" ಎಂದೆ. "ಎಷ್ಟ್ ಕಾಯ್ಸಿದ್ರೂ ಅಷ್ಟೇ ಕಣಜ್ಜಿ, ಸಕ್ಕರೆ ಇದ್ರೆ ತಾನೆ ಬಣ್ಣ ಬದಲಾಗಾದು" ಎಂದು ನಕ್ಕ. ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ. ಮತ್ತೊಂದು ಹನಿಯನ್ನು ಗಾಜಿನ ಮೇಲೆ ಹಾಕಿ ಯಂತ್ರದಲ್ಲಿ ನೋಡಿ, ಕೀವೂ ಇಲ್ಲ, ಸೋಂಕೂ ಇಲ್ಲ ಎಂದ.

ಆದರೂ ನನಗೆ ನಂಬಿಕೆ ಬರಬೇಕಲ್ಲ. ಇರುವೆ ಮುತ್ತಿದ್ದು ಮತ್ತೆ ಯಾಕೆ ಎಂದು ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಅಷ್ಟರಲ್ಲಿ ಗೌರಿ ಹಟ ಮಾಡುತ್ತಿದ್ದಳು ಎಂದು ಚೀಲದಿಂದ ಒಂದು ಎಳ್ಳುಂಡೆ ತೆಗೆದು ಕೈಗೆ ಕೊಟ್ಟೆ. ಒಂದು ಕಚ್ಚು ಕಚ್ಚಿದಳು, ಪುಡಿಯೆಲ್ಲ ಡಾಕ್ಟರಮ್ಮನ ಮೇಜಿನ ಮೇಲೆ ಉದುರಿತು. ಅವರು ಆ ಪುಡಿ ನೋಡಿದರು, ನನ್ನ ಮುಖ ನೋಡಿದರು. "ಇದನ್ನ ಬಚ್ಚಲಿಗೂ ತಗೊಂಡು ಹೋಗ್ತಾಳಾ ಅಜ್ಜಿ?" ಎಂದು ಕೇಳಿದರು. ಅಯ್ಯೋ ಶಿವನೇ! ಹೋಗುತ್ತಾಳೆ, ದಿನಾ ಹೋಗುತ್ತಾಳೆ, ಕಲ್ಲಿನ ಮೇಲೆ ಕೂತುಕೊಂಡೇ ತಿನ್ನುತ್ತಾಳೆ. ಇರುವೆ ಬಂದದ್ದು ನಾನು ಕುಟ್ಟಿದ ಬೆಲ್ಲಕ್ಕೆ, ಬಾಯಾರಿಕೆ ಬಂದದ್ದು ನಾನು ಎತ್ತಿಟ್ಟ ಬಿಂದಿಗೆಗೆ, ಸೊರಗಿದ್ದು ನನ್ನ ಉಂಡೆ ತಿಂದು ಊಟ ಬಿಟ್ಟದ್ದಕ್ಕೆ. ಕಾಯಿಲೆಯ ಒಂದೊಂದು ಗುರುತನ್ನೂ ನನ್ನ ಕೈಯಾರೆ ನಾನೇ ಮಾಡಿಟ್ಟು, ಅದನ್ನೇ ನೋಡಿ ನಾನೇ ಹೆದರಿದೆ. ಹಾವು ಕಡಿದವಳಿಗೆ ಹಗ್ಗವೂ ಹಾವೇ.

ಹಾಗಾದರೆ ಯಾಕಮ್ಮ ಹೀಗೆ ಓಡುತ್ತಾಳೆ ಎಂದೆ. ನಿದ್ದೆಯಲ್ಲಿ ಎದ್ದು ಹೋಗುತ್ತಾಳಾ ಎಂದು ಕೇಳಿದರು. ಇಲ್ಲ, ಮಲಗಿದರೆ ಬೆಳಗಿನವರೆಗೂ ಏಳುವುದಿಲ್ಲ, ಹಾಸಿಗೆಯೂ ಒಣಗಿರುತ್ತದೆ ಎಂದೆ. ಕಾಯಿಲೆಯಾಗಿದ್ದರೆ ನಿದ್ದೆಯಲ್ಲೂ ಬಿಡುವುದಿಲ್ಲ ಅಜ್ಜಿ, ನಿದ್ದೆಯಲ್ಲಿ ನಿಂತು ಎಚ್ಚರದಲ್ಲಿ ಬರುತ್ತದೆ ಎಂದರೆ ಅದು ಮನಸ್ಸಿನದು ಎಂದರು. ಈ ಅಭ್ಯಾಸ ಕಲಿಯುವ ವಯಸ್ಸಿನಲ್ಲಿ ಏನಾದರೂ ಕೊರಗೋ ಭಯವೋ ಸೇರಿಕೊಂಡರೆ ಮಕ್ಕಳು ಹೀಗೆ ಮಾಡುವುದುಂಟಂತೆ. ಔಷಧಿ ಬೇಡ, ಬೈಯಬೇಡಿ, ಹೋದಳಾ ಬಂದಳಾ ಎಂದು ಕೇಳುತ್ತಲೂ ಇರಬೇಡಿ, ಕೇಳಿದಷ್ಟು ನೀರು ಕೊಡಿ, ಮನಸ್ಸು ತಿಳಿಯಾದರೆ ತಾನೇ ನಿಲ್ಲುತ್ತದೆ. ಜ್ವರವೋ ಉರಿಯೋ ಬಂದರೆ, ಇಲ್ಲ ನಿದ್ದೆಯಲ್ಲೂ ಶುರುವಾದರೆ, ಕೂಡಲೇ ಕರೆದುಕೊಂಡು ಬನ್ನಿ ಎಂದರು. ಕೊನೆಗೆ ಪೆನ್ನು ಕೆಳಗಿಟ್ಟು, ಮನೆಯಲ್ಲಿ ಯಾರಾದರೂ ಮಗುವನ್ನು ಹೆದರಿಸಿದಿರಾ ಎಂದು ಕೇಳಿದರು. ನಮ್ಮ ಮನೆಯಲ್ಲಿ ಇರುವವರೇ ಇಬ್ಬರು, ಅಪ್ಪ ಮುದ್ದು ಮಾಡುತ್ತಾನೆ, ನಾನು ಅಂಗೈಯಲ್ಲಿಟ್ಟು ಸಾಕುತ್ತಿದ್ದೇನೆ, ಯಾರು ಹೆದರಿಸುತ್ತಾರೆ ಎಂದೆ.

ಸೋಮೇಶನಿಗೆ ನಿನ್ನೆ ರಾತ್ರಿ ಎಲ್ಲ ಹೇಳಿದೆ. ಅವನು ಬೈಯಲಿಲ್ಲ, ನನ್ನ ಮುಂದೆ ಒಂದು ಲೋಟ ನೀರು ತಂದಿಟ್ಟು ಹೊರಗೆ ಹೋಗಿ ಜಗುಲಿಯ ಮೇಲೆ ಕೂತ. ಬೈದಿದ್ದರೆ ವಾಸಿಯಿತ್ತು. ಎಳ್ಳುಂಡೆಯ ಡಬ್ಬಿಯನ್ನು ಪುಟ್ಟಮಲ್ಲಮ್ಮನ ಮೊಮ್ಮಕ್ಕಳಿಗೆ ಕೊಟ್ಟೆ, ಬಿಂದಿಗೆಯನ್ನು ಕೆಳಗಿಟ್ಟೆ. ಗೌರಿಯ ತುಟಿ ಒಂದೇ ದಿನಕ್ಕೆ ಮೆತ್ತಗಾಗಿದೆ. ಬಚ್ಚಲಿಗೆ ಓಡುವುದು ಮಾತ್ರ ಇನ್ನೂ ನಿಂತಿಲ್ಲ, ಇದನ್ನು ಬರೆಯುವಷ್ಟರಲ್ಲೇ ಎರಡು ಸಲ ಹೋಗಿ ಬಂದಳು. ಆದರೆ ನೀನು ಇದಕ್ಕೆಲ್ಲ ಮನಸ್ಸು ಕೆಡಿಸಿಕೊಂಡು ಓಡಿಬರಬೇಡ. ಪ್ರೊಬೇಷನ್ ಮುಗಿಯದೆ ರಜೆ ಕೇಳಿದರೆ ನಿಮ್ಮ ಹೆಡ್‌ಮಾಸ್ಟರು ಮುಖ ತಿರುಗಿಸುತ್ತಾರೆ ಎಂದು ಬರೆದಿದ್ದೆಯಲ್ಲ. ದಸರಾ ರಜೆಗೆ ಬಂದರೆ ಸಾಕು. ನಾನಿದ್ದೇನೆ.

ಎಲ್ಲಿದ್ದರೂ ಮಾದಪ್ಪ ನಿನ್ನ ಬೆನ್ನಿಗಿರಲಿ, ನಿನ್ನ ಬಳೆ ಕುಂಕುಮ ತಣ್ಣಗಿರಲಿ. ಪುಟ್ಟಮಲ್ಲಮ್ಮನೂ ಕೇಳಿದೆ ಎಂದು ಬರೆಯಲು ಹೇಳಿದ್ದಾಳೆ.

ನಿನ್ನ ಅತ್ತೆ
ಗುರುಮಲ್ಲಮ್ಮ

ತಾ.ಕ.: ಕವರು ಅಂಟಿಸಿ ಆಗಿತ್ತು, ಕಿತ್ತು ಮತ್ತೆ ಬರೆಯುತ್ತಿದ್ದೇನೆ. ಸೋಮೇಶ ಡ್ಯೂಟಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಗುಂಡ್ಲುಪೇಟೆಯಲ್ಲಿ ಅಂಚೆಗೆ ಹಾಕಿದರೆ ಬೇಗ ಸೇರುತ್ತದಂತೆ. ಡಾಕ್ಟರಮ್ಮನಿಗೆ ನಾನು ಹೇಳಿದ್ದು ಸುಳ್ಳು ದಾನಿ. ಆಗ ನೆನಪಾಗಲಿಲ್ಲ ಎಂದರೆ ಅದೂ ಸುಳ್ಳು, ನೆನಪಾಯಿತು, ನುಂಗಿಕೊಂಡೆ. ಜುಲೈಯಲ್ಲಿ ಒಂದು ದಿನ ಒಗೆದ ಚಡ್ಡಿ ಒಂದೂ ಒಣಗದೆ, ಮೂರನೇ ಸಲ ನೆನೆಸಿದಳು ಎಂದು ತೊಡೆಗೆ ಒಂದು ಬಿಟ್ಟು, "ಚಡ್ಡಿ ಒದ್ದೆ ಮಾಡೋ ಕೂಸಿರೋ ಮನೆಗೆ ನಿಮ್ಮವ್ವ ಬರಕಿಲ್ಲ ಕಣಮ್ಮಿ, ಒಣಗಿದ್ರೆ ಬತ್ತಾಳೆ" ಎಂದುಬಿಟ್ಟೆ. ಅವತ್ತೇ ಕಲಿತದ್ದು ಅವಳು, ನಾನು ಕಲಿಸಿದ್ದಲ್ಲ. ಈಗ ಬಚ್ಚಲಿಂದ ಬಂದವಳು ಲಂಗ ಎತ್ತಿ ತೋರಿಸಿ, "ಒಣ್ಗ್ಯದೆ ನೋಡಜ್ಜಿ. ಅವ್ವ ಇವತ್ ಬಂದಾಳಾ?" ಎಂದು ಕೇಳಿದಳು. ಒಂದು ಹನಿ ತಾಕಿದರೂ ನೀನು ಬರುವುದಿಲ್ಲ ಎಂದು ದಿನವೆಲ್ಲ ಖಾಲಿ ಮಾಡಿಕೊಂಡು ಮಾಡಿಕೊಂಡು ಬರುತ್ತಿದ್ದಾಳೆ. ಒದ್ದೆ ಮಾಡಿದ್ರೂ ಬತ್ತಾಳೆ ಕಂದಾ ಎಂದು ಕಾಲು ಹಿಡಿದು ಹೇಳಿದೆ, ನನ್ನನ್ನು ನಂಬುವುದಿಲ್ಲ. ಮೇಲೆ ಬರೆದದ್ದನ್ನು ಮರೆತುಬಿಡು, ದಸರೆಗೆ ಕಾಯಬೇಡ. ಹೆಡ್‌ಮಾಸ್ಟರಿಗೆ ನನ್ನ ಜೀವ ಹೋಗುತ್ತಿದೆ ಎಂದಾದರೂ ಹೇಳಿ ಎರಡು ದಿನದ ಮಟ್ಟಿಗೆ ಬಾ. ನೀನು ಬಾಗಿಲಿಗೆ ಬರುವ ಹೊತ್ತಿಗೆ ಅವಳ ಚಡ್ಡಿ ಒದ್ದೆಯಾಗಿರಲಿ ಎಂದು ಮಾದಪ್ಪನಿಗೆ ಕೈಮುಗಿದಿದ್ದೇನೆ.